ವಿಷ್ನೆವ್ಸ್ಕಿ ಕಲೆಗಳು: ಚಳಿಗೆ ಸತ್ತವರ ಅಂಗಾಂಶದಲ್ಲಿ ಉಳಿಯುವ ಗುರುತು

ವಿಪರೀತ ಚಳಿಗೆ ಸಿಕ್ಕಿ ಸತ್ತವರ ಜಠರವನ್ನು ಶವಪರೀಕ್ಷೆಯಲ್ಲಿ ಬಿಡಿಸಿ ನೋಡಿದಾಗ, ಅದರ ಒಳಗಿನ ಲೋಳೆಪೊರೆಯ ಮೇಲೆ ಕಾಣಿಸುವ ಕಡುಕಂದು ಅಥವಾ ಕಪ್ಪು ಬಣ್ಣದ ಚುಕ್ಕೆಗಳಿಗೆ ವಿಷ್ನೆವ್ಸ್ಕಿ ಕಲೆಗಳು ಎಂದು ಹೆಸರು. 1895ರಲ್ಲಿ ಇವನ್ನು ಮೊದಲು ವಿವರಿಸಿದ ರಷ್ಯಾದ ವೈದ್ಯನ ಹೆಸರೇ ಇವಕ್ಕೆ ಉಳಿದಿದೆ. ಒಂದೊಂದು ಚುಕ್ಕೆಯೂ ಸುಮಾರು ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಇರಬಹುದು. ಕೆಲವು ದೇಹಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ, ಇನ್ನು ಕೆಲವುದರಲ್ಲಿ ನೂರಕ್ಕೂ ಹೆಚ್ಚು ಕಲೆಗಳು ಸೇರಿ ಜಠರದ ಒಳಮೈ ಚಿರತೆಯ ಚರ್ಮದಂತೆ ಕಾಣುತ್ತದೆ.

ಇಷ್ಟು ಸಣ್ಣ ಗುರುತಿಗೆ ಇಷ್ಟು ಮಹತ್ವ ಬರಲು ಕಾರಣವಿದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. 28 ಡಿಗ್ರಿಗಿಂತ ಕೆಳಗೆ ಹೃದಯದ ಲಯ ತಪ್ಪುವ ಅಪಾಯ ತೀವ್ರವಾಗುತ್ತದೆ. ಆದರೆ ಸತ್ತ ದೇಹ ಹೇಗೂ ತಣ್ಣಗಾಗುವುದರಿಂದ, ಹಿಮದಲ್ಲಿ ಸಿಕ್ಕ ಶವ ತಣ್ಣಗಿದೆ ಎಂಬುದು ಏನನ್ನೂ ಹೇಳುವುದಿಲ್ಲ. ಬೆಂಕಿಯಲ್ಲಿ ಸತ್ತವರ ಶ್ವಾಸನಾಳದಲ್ಲಿ ಮಸಿ ಸಿಗುತ್ತದೆ. ಚಳಿಯಾದರೋ ಅಂಥ ನೇರವಾದ ಸಾಕ್ಷ್ಯವನ್ನು ಬಿಡುವುದಿಲ್ಲ. ಸಾಲದ್ದಕ್ಕೆ, ಚಳಿಯಿಂದ ಸಾಯುತ್ತಿರುವವರಲ್ಲಿ ಕೆಲವರು ಕೊನೆಯ ಹಂತದಲ್ಲಿ ಮೈಯೆಲ್ಲ ಉರಿದಂತಾಗಿ ತಮ್ಮ ಬಟ್ಟೆಗಳನ್ನು ತಾವೇ ಕಳಚಿ ಹಾಕುತ್ತಾರೆ. ಮಂಚದ ಕೆಳಗೋ ಪೊದೆಯ ಒಳಗೋ ತೂರಿಕೊಂಡು ಅಲ್ಲಿಯೇ ಸಾಯುತ್ತಾರೆ. ಬಟ್ಟೆಯಿಲ್ಲದೆ, ತರಚು ಗಾಯಗಳೊಂದಿಗೆ, ಅವಿತಿಟ್ಟಂತೆ ಸಿಗುವ ದೇಹವನ್ನು ಕಂಡವರಿಗೆ ಅತ್ಯಾಚಾರ ಅಥವಾ ಕೊಲೆಯ ಸಂಶಯ ಬರುವುದು ಸಹಜ. ಹಾಗಾಗಿ ಈ ವ್ಯಕ್ತಿ ಬದುಕಿದ್ದಾಗಲೇ ಚಳಿಯೊಡನೆ ಹೋರಾಡಿದ್ದರೇ, ಅಥವಾ ಬೇರೆ ಕಾರಣದಿಂದ ಸತ್ತ ಮೇಲೆ ದೇಹ ಚಳಿಯಲ್ಲಿ ಬಿದ್ದಿತ್ತೇ ಎಂಬುದೇ ನ್ಯಾಯವೈದ್ಯರ ಮುಂದಿನ ನಿಜವಾದ ಪ್ರಶ್ನೆ. ಅಂಗಾಂಶ ಪರೀಕ್ಷೆಯ ಬೆಲೆ ಇರುವುದು ಇಲ್ಲಿ.

ಈ ಕಲೆಗಳನ್ನು ಬಹುಕಾಲ ಜಠರದ ಸವೆತದ ಹುಣ್ಣುಗಳೆಂದು ತಿಳಿಯಲಾಗಿತ್ತು. ಆದರೆ ಸೂಕ್ಷ್ಮದರ್ಶಕದಡಿ ನೋಡಿದರೆ ಅನೇಕ ಕಲೆಗಳಲ್ಲಿ ಲೋಳೆಪೊರೆ ಸವೆದಿರುವುದೇ ಇಲ್ಲ, ಉರಿಯೂತದ ಕಣಗಳೂ ಕಾಣುವುದಿಲ್ಲ. 2006ರಲ್ಲಿ ಜರ್ಮನಿಯ ಸಂಶೋಧಕರು ಹಿಮೋಗ್ಲೋಬಿನ್ನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಿ, ಕಲೆಯ ಜಾಗದಲ್ಲಿರುವುದು ಒಡೆದ ರಕ್ತಕಣಗಳಿಂದ ಹೊರಬಂದ ಹಿಮೋಗ್ಲೋಬಿನ್ ಎಂದು ತೋರಿಸಿದರು. ದೇಹ ತಣ್ಣಗಾಗುತ್ತ ಹೋದಂತೆ ಜಠರದ ಗ್ರಂಥಿಗಳ ಸುತ್ತಲಿನ ಕಿರು ರಕ್ತನಾಳಗಳಲ್ಲಿ ಹರಿವು ಕೆಟ್ಟು, ಸಾವಿಗೆ ಮುಂಚೆ ಅಥವಾ ಸಾಯುವ ಹೊತ್ತಿಗೆ ಅಲ್ಲಲ್ಲಿ ರಕ್ತ ಜಿನುಗುತ್ತದೆ. ಆಮೇಲೆ ರಕ್ತಕಣಗಳು ಒಡೆದು, ಜಠರದ ಆಮ್ಲ ತಾಗಿ, ಹಿಮೋಗ್ಲೋಬಿನ್ ಕಪ್ಪು ಬಣ್ಣದ ಹೆಮಾಟಿನ್ ಆಗಿ ಮಾರ್ಪಡುತ್ತದೆ ಎಂಬುದು ಅವರ ವಿವರಣೆ. ರಕ್ತ ಹರಿಯುವಿಕೆಯಲ್ಲಾದ ಏರುಪೇರು ಬದುಕಿನ ಕಡೆಯದು, ಬಣ್ಣದ ಬದಲಾವಣೆ ಸಾವಿನ ನಂತರದ್ದೂ ಆಗಿರಬಹುದು. ಎರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಈ ಕಲೆಯ ಅರ್ಥ ಸರಿಯಾಗಿ ತಿಳಿಯುತ್ತದೆ.

ಬರಿಗಣ್ಣಿಗೆ ಕಾಣದ ಇನ್ನೊಂದು ಗುರುತು ಮೂತ್ರಪಿಂಡದಲ್ಲಿದೆ, ನನ್ನ ಎಣಿಕೆಯಲ್ಲಿ ಜಠರದ ಕಲೆಗಳಿಗಿಂತ ಇದರ ಮಾತಿಗೆ ತೂಕ ಹೆಚ್ಚು. ಚಳಿ ತಾಗಿದ ದೇಹ ನಡುಗಿ ಶಾಖ ಹುಟ್ಟಿಸುತ್ತದೆ. ಅಡ್ರಿನಲಿನ್ ಏರುತ್ತದೆ, ಸಕ್ಕರೆಯ ದಾಸ್ತಾನು ಕರಗುತ್ತದೆ, ಕೊಬ್ಬು ಕರಗಿ ರಕ್ತಕ್ಕೆ ಇಳಿಯುತ್ತದೆ. ಆ ಕೊಬ್ಬನ್ನು ಹೀರಿಕೊಂಡ ಮೂತ್ರಪಿಂಡದ ನಳಿಕೆಯ ಜೀವಕೋಶಗಳು, ಉಷ್ಣತೆಯೂ ಆಮ್ಲಜನಕವೂ ಸಾಲದೆ ಅದನ್ನು ಉರಿಸಲಾರವು. ಹೀಗಾಗಿ ಕೋಶಗಳ ಬುಡದಲ್ಲಿ ಕೊಬ್ಬಿನ ಹನಿಗಳು ಸಾಲಾಗಿ ನಿಲ್ಲುತ್ತವೆ. ಹೃದಯದ ಸ್ನಾಯುವಿನಲ್ಲೂ ಇಂಥ ಹನಿಗಳನ್ನು ಕಾಣಬಹುದು. ಹೀಗೆ ಕೊಬ್ಬು ಸೇರಲು ರಕ್ತ ಹರಿಯುತ್ತಿರಬೇಕು, ಸಮಯ ಹಿಡಿಯಬೇಕು. ಹೆಣದಲ್ಲಿ ಇದು ನಡೆಯಲಾರದು. ಹಾಗಾಗಿ ಸಂದರ್ಭ ಹೊಂದುವಲ್ಲಿ ಇದು ಆ ವ್ಯಕ್ತಿ ಕೆಲಹೊತ್ತಾದರೂ ಚಳಿಯನ್ನು ಎದುರಿಸಿ ಬದುಕಿದ್ದರೆಂದು ಹೇಳುತ್ತದೆ. ಫಿನ್‌ಲೆಂಡಿನ ಔಲು ನಗರದಲ್ಲಿ ಯೋರ್ಮಾ ಹಿರ್ವೊನೆನ್ ಮತ್ತು ಅವರ ಸಹೋದ್ಯೋಗಿಗಳು ಸತ್ತವರ ಮೂತ್ರದಲ್ಲಿ ಅಡ್ರಿನಲಿನ್ ಗುಂಪಿನ ಹಾರ್ಮೋನುಗಳನ್ನು ಅಳೆದದ್ದೂ ಇದೇ ಹೋರಾಟದ ಸುಳಿವನ್ನು ಹುಡುಕಲೆಂದೇ.

ಆದರೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ತೀರ್ಪು ಕೊಡಲಾರದು. ಚಳಿಯ ಸಾವುಗಳಲ್ಲಿ ವಿಷ್ನೆವ್ಸ್ಕಿ ಕಲೆಗಳು ಶೇ. 40ರಿಂದ 90ರಷ್ಟು ಪ್ರಕರಣಗಳಲ್ಲಿ ಸಿಕ್ಕಿವೆಯೆಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ; ಎಂದರೆ ಕಲೆಗಳಿಲ್ಲ ಎಂಬ ಕಾರಣಕ್ಕೆ ಚಳಿಯನ್ನು ತಳ್ಳಿಹಾಕುವಂತಿಲ್ಲ. ಮಧುಮೇಹ ಅಥವಾ ಮದ್ಯಪಾನದಿಂದ ರಕ್ತದಲ್ಲಿ ಕೀಟೋನ್ (ದೇಹ ಸಕ್ಕರೆಗೆ ಬದಲು ಕೊಬ್ಬನ್ನು ಉರಿಸುವಾಗ ಹುಟ್ಟುವ ವಸ್ತು) ಏರಿ ಸತ್ತವರಲ್ಲೂ ಇಂಥ ಕಲೆಗಳು ವರದಿಯಾಗಿವೆ. ನಳಿಕೆಗಳ ಬುಡದ ಆ ಹನಿಗಳೂ ಕೀಟೋನ್ ಏರಿಕೆಯಲ್ಲಿ ಕಾಣುತ್ತವೆ. 19ನೇ ಶತಮಾನದ ಕೊನೆಯಲ್ಲಿ ಆರ್ಮಾನಿ ಮತ್ತು ಎಬ್‌ಸ್ಟೈನ್ ಎಂಬ ವೈದ್ಯರು ಮಧುಮೇಹಿಗಳ ಮೂತ್ರಪಿಂಡದಲ್ಲಿ ಗುರುತಿಸಿದ ಬದಲಾವಣೆಗೂ ಇದಕ್ಕೂ ನಂಟಿದೆ. ಆದುದರಿಂದ ಕಣ್ಣಿನೊಳಗಿನ ದ್ರವದಲ್ಲಿ ಸಕ್ಕರೆಯನ್ನೂ, ರಕ್ತದಲ್ಲಿ ಕೀಟೋನ್ ಮತ್ತು ಮದ್ಯವನ್ನೂ ಅಳೆಯದೆ ಅಂಗಾಂಶವನ್ನಷ್ಟೇ ನಂಬುವುದು ತಪ್ಪು. ಮಂಡಿ, ಮೊಣಕೈಗಳ ಮೇಲಿನ ಕೆಂಪು ಮಚ್ಚೆ, ಸೊಂಟದೊಳಗಿನ ಸ್ನಾಯುವಿನಲ್ಲಿ ಜಿನುಗಿದ ರಕ್ತ, ಸ್ಥಳದ ಹವಾಮಾನ, ಮೈಮೇಲಿನ ಬಟ್ಟೆ, ಇವೆಲ್ಲ ಒಂದೇ ದಿಕ್ಕಿಗೆ ಕೈತೋರಿಸಿದಾಗ ಮತ್ತು ಸಾವಿಗೆ ಬೇರೆ ಕಾರಣ ಸಿಗದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ.

ನಮ್ಮ ನಾಡಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕು ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡದ್ದು ಇಲ್ಲಿನ ಅನೇಕ ಮನೆಗಳಿಗೆ ಆದ ನೋವು. ಬೆಟ್ಟದಲ್ಲಿ ಸತ್ತವರಿಗೆ ಏನಾಯಿತೆಂದು ತಿಳಿಯುವ ಹಕ್ಕು ಮನೆಯವರಿಗಿದೆ, ಅದಕ್ಕೆ ಉತ್ತರ ಸಿಗುವುದು ಮಾದರಿಗಳನ್ನು ಜೋಪಾನವಾಗಿ ತೆಗೆದಿಟ್ಟಾಗ. ಗಟ್ಟಿ ಹಿಮಗಟ್ಟಿದ ದೇಹದಲ್ಲಿ ನೀರಿನ ಹರಳುಗಳು ಕೋಶಗಳ ನಡುವೆ ಬಿರುಕುಗಳನ್ನು ಮಾಡಿ ಅಂಗಾಂಶದ ಚಿತ್ರವನ್ನೇ ಕೆಡಿಸಿರುತ್ತವೆ, ಅದನ್ನು ರೋಗವೆಂದು ಓದಬಾರದು. ಮಾಮೂಲಿ ವಿಧಾನದಲ್ಲಿ ಮೇಣದ ಅಚ್ಚಿನಲ್ಲಿಡುವ ಮೊದಲು ಅಂಗಾಂಶವನ್ನು ಆಲ್ಕೋಹಾಲ್ ಮತ್ತು ಜೈಲೀನ್ ಎಂಬ ದ್ರಾವಕದಲ್ಲಿ ಅದ್ದುವುದರಿಂದ ಕೊಬ್ಬಿನ ಹನಿಗಳು ಕರಗಿಹೋಗಿ ಖಾಲಿ ಗುಳಿಗಳಷ್ಟೇ ಉಳಿಯುತ್ತವೆ. ಆದ್ದರಿಂದ ಚಳಿಯ ಸಾವಿನ ಸಂಶಯವಿರುವಾಗ ಮೂತ್ರಪಿಂಡದ ಒಂದು ತುಣುಕನ್ನು ಬೇರೆಯಾಗಿ ಎತ್ತಿಟ್ಟು, ಅದನ್ನು ಘನೀಕರಿಸಿ ತೆಳುವಾಗಿ ಕೊಯ್ದು, ಕೊಬ್ಬಿಗೆ ಬಣ್ಣ ಹಿಡಿಸುವ ಸುಡಾನ್ ಅಥವಾ ಆಯಿಲ್ ರೆಡ್ ಓ ಬಣ್ಣದಲ್ಲಿ ನೋಡಬೇಕೆಂದು ಶವಪರೀಕ್ಷೆಯ ಮೇಜಿನ ಬಳಿಯೇ ತೀರ್ಮಾನಿಸಬೇಕಾಗುತ್ತದೆ.