ಸ್ವಯಂ ಅರಿವು: ನಮಗೆ ಕಾಣದ, ಬೇರೆಯವರಿಗೆ ಕಾಣುವ ಭಾಗ

ಸ್ವಯಂ ಅರಿವು ಅಂದ ತಕ್ಷಣ ಸುಮ್ನೆ ಕೂತು ಒಳಗೆ ನೋಡಿಕೊಳ್ಳುವುದು ಎಂದು ಹೇಳಿಬಿಡುತ್ತೇವೆ. ಅದು ಅರ್ಧ ಉತ್ತರ. ನಮ್ಮ ಮಾತು, ನಡವಳಿಕೆ ಎದುರಿನವರಿಗೆ ಹೇಗೆ ತಟ್ಟುತ್ತದೆ ಎಂದು ತಿಳಿದಿರುವುದು ಇನ್ನರ್ಧ. ನಾಯಕತ್ವದ ಮಟ್ಟಿಗೆ ಈ ಎರಡನೆಯ ಅರ್ಧವೇ ಜಾಸ್ತಿ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಒಳ್ಳೆಯ ಚೌಕಟ್ಟು ಜೋಹಾರಿ ಕಿಟಕಿ. ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ಇದನ್ನು ಮುಂದಿಟ್ಟರು. ಕಿಟಕಿಗೆ ನಾಲ್ಕು ಚೌಕ. ನನಗೂ ಗೊತ್ತು, ಬೇರೆಯವರಿಗೂ ಗೊತ್ತು ಅನ್ನುವುದು ತೆರೆದ ಚೌಕ. ನನಗೆ ಮಾತ್ರ ಗೊತ್ತಿರುವುದು ಮುಚ್ಚಿಟ್ಟ ಚೌಕ. ಯಾರಿಗೂ ಗೊತ್ತಿಲ್ಲದ್ದು ಅಜ್ಞಾತ ಚೌಕ. ಉಳಿದದ್ದು ಕುರುಡು ಚೌಕ: ಎಲ್ಲರಿಗೂ ಕಾಣುತ್ತದೆ, ನನಗೆ ಮಾತ್ರ ಕಾಣುವುದಿಲ್ಲ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತೇವಲ್ಲ, ಅದೇ.

ಒಂದು ಮೀಟಿಂಗ್ ಊಹಿಸಿಕೊಳ್ಳಿ. ತಂಡದ ಮುಖ್ಯಸ್ಥ "ಏನಾದರೂ ಸಂದೇಹ ಇದ್ದರೆ ಕೇಳಿ" ಅನ್ನುತ್ತಾನೆ, ಅನ್ನುತ್ತಲೇ ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಒಬ್ಬರು ಬಾಯಿ ತೆರೆದರೆ ಅವರ ವಾಕ್ಯವನ್ನು ತಾನೇ ಮುಗಿಸುತ್ತಾನೆ. ಎಲ್ಲರಿಗೂ ಮಾತಾಡಲು ಅವಕಾಶ ಕೊಡುತ್ತೇನೆ ಎಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದಾನೆ. ಅವನು ತನ್ನನ್ನು ಅಳೆಯುವುದು ಉದ್ದೇಶದಿಂದ, ತಂಡ ಅವನನ್ನು ಅಳೆಯುವುದು ನಡವಳಿಕೆಯಿಂದ. ಕೊನೆಗೆ ಯಾರೂ ಏನೂ ಕೇಳುವುದಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದು ಅವನು ತಿಳಿದುಕೊಳ್ಳುತ್ತಾನೆ.

ಹಾಗಾದರೆ ಇನ್ನಷ್ಟು ಯೋಚಿಸಿದರೆ ಸರಿಹೋಗುತ್ತದಾ? ಅಷ್ಟರಿಂದಲೇ ಆಗುವುದಿಲ್ಲ. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಎಂದು ಜನರನ್ನು ಕೇಳಿದರು. ನಾಲ್ಕೂ ಒಂದೇ ಥರದವು. ಆದರೂ ಉಳಿದವುಗಳಿಗಿಂತ ಬಲತುದಿಯದನ್ನೇ ಜಾಸ್ತಿ ಜನ ಆರಿಸಿದರು. ಯಾಕೆ ಎಂದು ಕೇಳಿದಾಗ ಇಟ್ಟಿದ್ದ ಜಾಗವೇ ಕಾರಣ ಎಂದು ಒಬ್ಬರೂ ಹೇಳಲಿಲ್ಲ. ನಮ್ಮ ನಡವಳಿಕೆಗೆ ನಾವೇ ಕೊಟ್ಟುಕೊಳ್ಳುವ ಕಾರಣ ಎಷ್ಟೋ ಸಲ ಆಮೇಲೆ ಹೊಂದಿಸಿದ ಕಥೆ. ಆದ್ದರಿಂದ "ನಾನು ಯಾಕೆ ಹೀಗೆ?" ಎಂದು ಕೊರಗುವ ಬದಲು "ಆಗ ನಾನು ಏನು ಮಾಡಿದೆ? ಎದುರಿನವರು ಏನು ಮಾಡಿದರು?" ಎಂದು ಬರೆದಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಂತ ಎಲ್ಲ ವಿಷಯದಲ್ಲೂ ಬೇರೆಯವರೇ ಸರಿ ಅಂತಲ್ಲ. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ತೋರಿಸಿದಂತೆ, ಆತಂಕದಂಥ ಒಳಗಿನ ಸಂಗತಿಗಳನ್ನು ನಾವೇ ಚೆನ್ನಾಗಿ ಬಲ್ಲೆವು. ಬುದ್ಧಿವಂತಿಕೆ, ಸೃಜನಶೀಲತೆಯಂಥವನ್ನು ಸ್ನೇಹಿತರು ನಮಗಿಂತ ಸರಿಯಾಗಿ ಅಂದಾಜು ಮಾಡುತ್ತಾರೆ. ಅಲ್ಲಿ ನಮ್ಮ ಅಭಿಮಾನ ಅಡ್ಡ ಬರುತ್ತದೆ, ಅಲ್ವಾ?

ನಾಯಕರಿಗೆ ಇನ್ನೊಂದು ತೊಡಕು. ಹುದ್ದೆ ಮೇಲೇರಿದಂತೆ ಮುಖಕ್ಕೆ ಮುಖ ಕೊಟ್ಟು ನಿಜ ಹೇಳುವವರು ಕಡಿಮೆಯಾಗುತ್ತಾರೆ. ಕೇಳದೆ ಯಾರೂ ಹೇಳುವುದಿಲ್ಲ, ಕೇಳುವ ರೀತಿಯೂ ಸರಿಯಿರಬೇಕು. "ನನ್ನ ಬಗ್ಗೆ ಏನನ್ನಿಸುತ್ತೆ?" ಎಂದರೆ "ಚೆನ್ನಾಗಿದ್ದೀರಿ ಸಾರ್" ಎಂಬ ಉತ್ತರವೇ ಬರುತ್ತದೆ. "ಇವತ್ತು ನಾನು ಯಾರ ಮಾತನ್ನಾದರೂ ಮಧ್ಯದಲ್ಲಿ ತುಂಡರಿಸಿದೆನಾ?" ಎಂದು ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ಒಬ್ಬರು ಹೇಳಿದ್ದು ಅವರ ಅಭಿಪ್ರಾಯ ಇರಬಹುದು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮೂರು ಜನ ಅದನ್ನೇ ಹೇಳಿದರೆ ಗಂಭೀರವಾಗಿ ತೆಗೆದುಕೊಳ್ಳಿ. ಮುಂದಿನ ಮೀಟಿಂಗ್‌ನಲ್ಲಿ ಏನು ಬದಲಿಸಿದಿರಿ ಎಂಬುದನ್ನು ನಿಮಗೆ ಉತ್ತರ ಕೊಟ್ಟವರಿಗೆ ತಿಳಿಸಿ. ಅದು ಕಾಣದಿದ್ದರೆ ಇನ್ನೊಂದು ಸಲ ಅವರು ಬಾಯಿ ಬಿಡುವುದಿಲ್ಲ.