ಅಟಾರ್ನಿ ಜನರಲ್ ಅಂದರೆ ಗವರ್ನರ್ ಕಡೆಯ ವಕೀಲರಲ್ಲ

ಅಮೆರಿಕದ ಯಾವುದೋ ರಾಜ್ಯದ ಅಟಾರ್ನಿ ಜನರಲ್ (ಆ ರಾಜ್ಯದ ಅತ್ಯುನ್ನತ ಕಾನೂನು ಅಧಿಕಾರಿ) ಕೇಂದ್ರ ಸರ್ಕಾರದ ಮೇಲೆ ಕೇಸು ಹಾಕಿದರೆ ಸಾಕು, ನಮ್ಮ ಸುದ್ದಿಗಳಲ್ಲಿ ಅವರು 'ಅಡ್ವೊಕೇಟ್ ಜನರಲ್' ಆಗಿಬಿಡುತ್ತಾರೆ. ಹೋಲಿಕೆ ಹೆಸರಿನಲ್ಲಷ್ಟೇ ಇದೆ. ರಾಜ್ಯ ಸರ್ಕಾರದ ಪರ ನಿಲ್ಲುವ ನಮ್ಮ ಅಡ್ವೊಕೇಟ್ ಜನರಲ್ ಸಂವಿಧಾನದ 165ನೇ ವಿಧಿಯಡಿ ನೇಮಕವಾಗುವವರು. ಸರ್ಕಾರ ಬಿದ್ದರೆ ಸಾಮಾನ್ಯವಾಗಿ ರಾಜೀನಾಮೆ ಕೊಟ್ಟು ಹೊರಡುತ್ತಾರೆ. ಅಲ್ಲಿ 50ರಲ್ಲಿ 43 ರಾಜ್ಯಗಳ ಅಟಾರ್ನಿ ಜನರಲ್ ಜನರ ಹತ್ತಿರ ಓಟು ಕೇಳಿ ಗೆದ್ದು ಬಂದವರು. ಟೆನ್ನೆಸಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ನೇಮಿಸುತ್ತದೆ, ಮೇನ್‌ನಲ್ಲಿ ಶಾಸಕರು ಆರಿಸುತ್ತಾರೆ. ಗವರ್ನರ್ (ಅಲ್ಲಿ ಜನರೇ ಆರಿಸುವ, ರಾಜ್ಯ ಸರ್ಕಾರದ ಮುಖ್ಯಸ್ಥ) ನೇಮಿಸುವುದು ಐದೇ ರಾಜ್ಯಗಳಲ್ಲಿ.

ತಮಾಷೆಯೆಂದರೆ, 'ಅಟಾರ್ನಿ' ಪದದ ಹಳೆಯ ಫ್ರೆಂಚ್ ಮೂಲಕ್ಕೆ 'ನೇಮಿಸಲ್ಪಟ್ಟವ' ಎಂದೇ ಅರ್ಥ: ಇನ್ನೊಬ್ಬರ ಪರವಾಗಿ ನಿಲ್ಲುವವ. ಒಂದೇ ವ್ಯವಹಾರಕ್ಕೆ ನಿಂತವ ಬರೀ ಅಟಾರ್ನಿ, ಎಲ್ಲ ವ್ಯವಹಾರಕ್ಕೂ ನಿಂತವ ಅಟಾರ್ನಿ ಜನರಲ್. ಇಲ್ಲಿ 'ಜನರಲ್' ಬರೀ ವಿಶೇಷಣ, ದಂಡನಾಯಕನಲ್ಲ. ಅಮೆರಿಕನ್ನರೇ ಅವರನ್ನು 'ಜನರಲ್' ಎಂದು ಕರೆಯುತ್ತಾರೆ, ಇರಲಿ.

ಯಾರ ಪರ ಎಂಬುದೇ ಮುಖ್ಯ. 1994ರಲ್ಲಿ ಮಿಸಿಸಿಪ್ಪಿಯ ಅಟಾರ್ನಿ ಜನರಲ್ ಮೈಕ್ ಮೂರ್ ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದರು. ಸಿಗರೇಟಿನಿಂದ ಕಾಯಿಲೆ ಬಿದ್ದ ಬಡವರ ಚಿಕಿತ್ಸೆಗೆ ರಾಜ್ಯ ಸುರಿದ ಹಣವನ್ನು ನೀವೇ ಕಟ್ಟಿಕೊಡಿ ಎಂಬುದು ಅವರ ವಾದ. ಅವರು ಡೆಮಾಕ್ರಟ್, ಗವರ್ನರ್ ಕರ್ಕ್ ಫೋರ್ಡಿಸ್ ರಿಪಬ್ಲಿಕನ್. ದಾವೆ ನಿಲ್ಲಿಸಿ ಎಂದು ಗವರ್ನರ್ ತಮ್ಮದೇ ರಾಜ್ಯದ ಅಟಾರ್ನಿ ಜನರಲ್ ವಿರುದ್ಧ ಕೋರ್ಟಿಗೆ ಹೋದರು, ನಡೆಯಲಿಲ್ಲ. ಮಿಸಿಸಿಪ್ಪಿ ಮತ್ತು ಇನ್ನು ಮೂರು ರಾಜ್ಯಗಳು ಪ್ರತ್ಯೇಕವಾಗಿ ರಾಜಿಯಾದವು; ಉಳಿದ 46 ರಾಜ್ಯಗಳಿಗೆ 25 ವರ್ಷಗಳಲ್ಲಿ ಸುಮಾರು 206 ಬಿಲಿಯನ್ ಡಾಲರ್ ಕೊಡಲು ಕಂಪನಿಗಳು 1998ರಲ್ಲಿ ಒಪ್ಪಿದವು. 'ಸರ್ಕಾರಿ ವಕೀಲ' ಎಂದು ಬರೆಯುವವರು ಇದನ್ನು ಹೇಗೆ ವಿವರಿಸುತ್ತಾರೋ ನೋಡಬೇಕು.

ಈ ಹುದ್ದೆ ಒಳ್ಳೆಯ ಏಣಿಯೂ ಹೌದು. ಬಿಲ್ ಕ್ಲಿಂಟನ್ 1977ರಲ್ಲಿ ಅರ್ಕನ್ಸಾದ ಅಟಾರ್ನಿ ಜನರಲ್, 1979ರಲ್ಲಿ ಗವರ್ನರ್. ಅಟಾರ್ನಿ ಜನರಲ್‌ಗಳ ಸಂಘವನ್ನು 'ಗವರ್ನರ್ ಆಕಾಂಕ್ಷಿಗಳ ಸಂಘ' ಎಂದು ಅಲ್ಲಿಯವರೇ ಕಿಚಾಯಿಸುತ್ತಾರೆ. ಮೂರ್ ಮಾತ್ರ ಗವರ್ನರ್ ಆಗಲೇ ಇಲ್ಲ.

ಕಮಲಾ ಹ್ಯಾರಿಸ್ ವಿಷಯದಲ್ಲಂತೂ ಎರಡು ಹುದ್ದೆ ಕಲಸಿಹೋಗುತ್ತವೆ. ಕೊಲೆ, ದರೋಡೆಯಂಥ ದಿನನಿತ್ಯದ ಕ್ರಿಮಿನಲ್ ಕೇಸು ನಡೆಸುವುದು ಸ್ಥಳೀಯ ಡಿಸ್ಟ್ರಿಕ್ಟ್ ಅಟಾರ್ನಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಿಂದ 2011ರವರೆಗೆ ಅವರು ಆಗಿದ್ದು ಅದು. ಆಮೇಲೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್. 2010ರ ಆ ಚುನಾವಣೆಯ ರಾತ್ರಿ ಎದುರಾಳಿ ಸ್ಟೀವ್ ಕೂಲಿ ತಾವೇ ಗೆದ್ದೆವೆಂದು ಘೋಷಿಸಿಕೊಂಡಿದ್ದರು. ಮತ ಎಣಿಕೆ ಎಳೆಯುತ್ತ ಹೋಗಿ, ಅವರು ಸೋಲೊಪ್ಪಿಕೊಂಡದ್ದು ಮೂರು ವಾರಗಳ ಮೇಲೆ.