ಮನೆ ಹಿಂದಿನ ಬರೆ ಯಾವ ಇಲಾಖೆಗೆ ಸೇರಿದ್ದು?

ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವರು ಕಡಿಮೆ. ಇಂಚು, ಸೆಂಟು ಅಂತಲೇ ನಮ್ಮ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ, ಡೈರಿಯಲ್ಲಿ ಬರೆದು, ಆಮೇಲೆ ಕಾಫಿ ಕುಡಿಯುವ ಮನೆಗಳು ಇಲ್ಲಿ ಬಹಳ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟು ಬಂತು ಅನ್ನುವುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ. ನಮ್ಮ ಮನೆಯಲ್ಲೂ ಅಂಥ ಡೈರಿಗಳಿವೆ. 2018ರ ಆಗಸ್ಟ್ ಪುಟದಲ್ಲಿ ಎರಡು ದಿನ ಖಾಲಿ. ಮಾಪಕ ತುಂಬಿ ಹೊರಗೆ ಹರಿದಿತ್ತು. ಎಷ್ಟು ಅಂತ ಬರೆಯುವುದು?

ಮೊನ್ನೆ ಪಕ್ಕದ ತೋಟದ ಅಣ್ಣ ಕರೆದು ತಮ್ಮ ಮನೆ ಹಿಂದಿನ ಬರೆ ತೋರಿಸಿದರು. ಮನೆಗೋ ರಸ್ತೆಗೋ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ ನಾವು ಬರೆ ಅನ್ನುತ್ತೇವೆ. ಮಳೆಗಾಲದಲ್ಲಿ 'ಬರೆ ಕುಸಿತ' ಅನ್ನುವ ಸುದ್ದಿ ಇಲ್ಲದ ವಾರ ಇರುವುದಿಲ್ಲ. ಅವರ ಬರೆಯ ನೆತ್ತಿಯಲ್ಲಿ, ಕಾಫಿ ಗಿಡಗಳ ಮಧ್ಯೆ, ಬೆರಳು ಹಿಡಿಸುವಷ್ಟು ಅಗಲದ ಬಿರುಕು. ಹತ್ತು ಮಾರು ಉದ್ದ ಇದ್ದೀತು.

"ಇದು ಈ ಮಳೆಗೆ ನಿಲ್ಲುತ್ತಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಮತ್ತೆ ಯಾರಿಗೆ ಗೊತ್ತಿರುತ್ತೆ?" ಎಂದರು. ಒಂದು ಕಚೇರಿಗೆ ಹೋಗಿ ಬಂದಿದ್ದರಂತೆ. ಅಲ್ಲಿ 'ಇದು ನಮಗೆ ಬರಲ್ಲ' ಎಂದರಂತೆ. ಯಾರಿಗೆ ಬರುತ್ತೆ ಅನ್ನುವುದು ಅವರಿಗೂ ತಿಳಿದಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಬರೆಯನ್ನು ಎಷ್ಟು ಇಲಾಖೆಗಳು ಹಂಚಿಕೊಂಡಿವೆ ನೋಡಿ. ಭೂಕುಸಿತದ ಅಧ್ಯಯನಕ್ಕೆ ದೇಶಕ್ಕೆಲ್ಲ ಮುಖ್ಯ ಸಂಸ್ಥೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ. 1851ರಲ್ಲಿ ಹುಟ್ಟಿದ ಇದು ಕೇಂದ್ರ ಸರ್ಕಾರದ್ದು. 2004ರಲ್ಲಿ ಭೂಕುಸಿತದ ಹೊಣೆಯೂ ಇದರ ಹೆಗಲಿಗೆ ಬಂತು. ಅದೇ ಬರೆಯಿಂದ ಕಲ್ಲು ತೆಗೆಯುವುದಾದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಕೇಳಬೇಕು. ಮಣ್ಣಿನೊಳಗಿನ ನೀರು ಸಣ್ಣ ನೀರಾವರಿಯ ಕೆಳಗಿರುವ ಅಂತರ್ಜಲ ನಿರ್ದೇಶನಾಲಯದ್ದು. ಮೇಲೆ ಬೀಳುವ ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಇದು 1988ರಲ್ಲಿ ಬರದ ಮೇಲೆ ಕಣ್ಣಿಡಲು ಶುರುವಾದ ಸಣ್ಣ ಘಟಕ. ಈಗ ಪಂಚಾಯಿತಿ ಮಟ್ಟದ ಮಳೆಮಾಪಕಗಳನ್ನು ನೋಡಿಕೊಳ್ಳುತ್ತದೆ. ಗುಡ್ಡ ಕಡಿದು ಮನೆ ಕಟ್ಟಲು ಭೂಪರಿವರ್ತನೆ ಕಂದಾಯ ಇಲಾಖೆಯಲ್ಲಿ. ರಸ್ತೆಗೆ ಕಡಿದಿದ್ದರೆ ಲೋಕೋಪಯೋಗಿ. ನೆತ್ತಿಯ ಮೇಲೆ ಕಾಡಿದ್ದರೆ ಅರಣ್ಯ.

ಮಣ್ಣಿಗೆ ಈ ಹಂಚಿಕೆ ಗೊತ್ತಿಲ್ಲ. ಅದು ಜಾರುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಕೊಡಗಿನ ಅಡಿಪಾಯದ ಬಂಡೆ ಬಹಳ ಹಳೆಯದು, ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನದು. ಬಂಡೆ ಗಟ್ಟಿಯೇ. ಆದರೆ ಇಲ್ಲಿನ ಬಿಸಿಲು, ಮಳೆ ಅದನ್ನು ಮೇಲಿನಿಂದ ಕೊರೆದು ಮಣ್ಣು ಮಾಡುತ್ತಲೇ ಬಂದಿವೆ. ಎಷ್ಟೋ ಕಡೆ ಹತ್ತಾರು ಅಡಿ ಇಳಿದರೂ ಬಂಡೆ ಸಿಗಲ್ಲ. ಮೇಲೆ ಕೆಂಪು ಮಣ್ಣು, ಅದರಡಿ ಬಿಳಿಚಿಕೊಂಡ ಜೇಡಿ, ಅದರಡಿ ಅರ್ಧ ಕೊಳೆತ ಕಲ್ಲು. ಒಣಗಿದ್ದಾಗ ಈ ಜೇಡಿ ಗೋಡೆಯ ಹಾಗೆ ನಿಲ್ಲುತ್ತದೆ. ನೆನೆದಾಗ ಕೈಯಲ್ಲಿ ಹಿಡಿದರೆ ಜಾರುತ್ತದೆ.

ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡು, ಆ ತಿಕ್ಕಾಟದ ಬಲದಲ್ಲಿ ಇಳಿಜಾರಿನಲ್ಲಿ ನಿಂತಿರುತ್ತವೆ. ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುವವರೆಗೆ ಪರವಾಗಿಲ್ಲ. ಮಳೆ ನಿಲ್ಲದೆ ಸುರಿದಾಗ ಸಂದಿಯೆಲ್ಲ ನೀರಾಗುತ್ತದೆ. ನೀರು ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಣಗಳನ್ನು ದೂರ ತಳ್ಳುತ್ತದೆ. ಹಿಡಿತ ಸಡಿಲವಾಗುತ್ತದೆ. ಜೊತೆಗೆ ಭಾರ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು, ಅಂದರೆ 100 ಟನ್. ಹತ್ತು ಇಂಚಿಗೆ 1,000 ಟನ್. ಹರಿದು ಹೋದದ್ದು ಬಿಟ್ಟು ಉಳಿದದ್ದನ್ನೆಲ್ಲ ಗುಡ್ಡ ಹೊತ್ತುಕೊಳ್ಳಬೇಕು. ಅದೇ ಗುಡ್ಡದ ಬುಡವನ್ನು ನಾವು ಕಡಿದಿದ್ದರೆ ಒರಗಲು ಏನೂ ಇಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕೆಸರಾಗಿ ಇಳಿದು ಬಂದಾಗ ಜನ ಅದನ್ನು 'ಜಲಸ್ಫೋಟ' ಎಂದರು. ಗುಡ್ಡದ ಹೊಟ್ಟೆಯಿಂದ ನೀರು ಉಕ್ಕಿದ ಹಾಗೆ ಕಂಡಿತ್ತು. ಆ ವರ್ಷ ಜುಲೈ 9ರಂದು ಜಿಲ್ಲೆಯಲ್ಲಿ 3.4 ತೀವ್ರತೆಯ ಭೂಕಂಪನವೂ ಆಗಿತ್ತು. ಅದರಿಂದಲೇ ಗುಡ್ಡ ಬಿರುಕು ಬಿಟ್ಟಿತಾ ಅಂತ ಜನ ಕೇಳಿದರು. ಅಷ್ಟು ಸಣ್ಣ ಕಂಪನಕ್ಕಿಂತ ವಾರಗಟ್ಟಲೆ ನೆನೆದ ಮಣ್ಣಿನ ಪಾಲು ಬಹಳ ದೊಡ್ಡದು.

ಅಂದರೆ ಆ ಅಣ್ಣನ ಪ್ರಶ್ನೆಗೆ ಉತ್ತರ ಹೇಳಲು ಮಳೆ, ಮಣ್ಣಿನೊಳಗಿನ ನೀರು, ಕಲ್ಲು, ಕಡಿತ, ನಾಲ್ಕೂ ಒಟ್ಟಿಗೆ ಬೇಕು. ನಾಲ್ಕೂ ನಾಲ್ಕು ಕಡೆ ಇವೆ.

ಇದರಿಂದ ಆಗುವ ತೊಂದರೆಗೆ ಇಂಗುಗುಂಡಿಯೇ ಸಾಕ್ಷಿ. ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ. ನಮ್ಮ ಕಾಫಿ ತೋಟದಲ್ಲೂ ತೇವ ಉಳಿಯಲಿ ಅಂತ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ನೀರಿನ ಕಡೆಯಿಂದ ನೋಡುವವರಿಗೆ ಇಂಗಿದಷ್ಟೂ ಒಳ್ಳೆಯದು. ಇಳಿಜಾರಿನ ಕಡೆಯಿಂದ ನೋಡುವವರಿಗೆ, ಕಡಿದಾದ ಗುಡ್ಡದ ಮೇಲೆ ನೀರು ಇಂಗಿದಷ್ಟೂ ಅಪಾಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಪಕ್ಕದ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದಾಗ, ಬೆಟ್ಟದ ಮೇಲಿದ್ದ ಇಂಗುಗುಂಡಿಗಳ ಬಗ್ಗೆ ಜಿಲ್ಲೆಯೆಲ್ಲ ಚರ್ಚೆಯಾಯಿತು. ಗುಂಡಿ ತೋಡುವ ಮೊದಲು ಆ ಎರಡು ಕಡೆಯವರು ಒಂದೇ ಮೇಜಿನ ಸುತ್ತ ಕೂರಬೇಕಿತ್ತು, ಅಲ್ವಾ?

ಹಾಗಾದರೆ ಎಲ್ಲವನ್ನೂ ಸೇರಿಸಿ ಒಂದೇ ಇಲಾಖೆ ಮಾಡಿಬಿಡಬೇಕೇ? ಶಾಸನಸಭೆಗಳಲ್ಲಿ ಇದು ಹಳೆಯ ವಾದ. ಅಮೆರಿಕದಲ್ಲಿ 1870ರ ದಶಕದಲ್ಲಿ ಪಶ್ಚಿಮದ ನೆಲವನ್ನು ಅಳೆಯಲು ನಾಲ್ಕು ಸರ್ಕಾರಿ ಸರ್ವೇಗಳಿದ್ದವು. ಕೆಲವು ಸೇನೆಯ ಕೆಳಗೆ, ಕೆಲವು ಸರ್ಕಾರಿ ನೆಲ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ಕೆಳಗೆ. 1873ರಲ್ಲಿ ಹೇಡನ್ ಅವರ ತಂಡವೂ ವೀಲರ್ ಅವರ ತಂಡವೂ ಕೊಲರಾಡೋದ ಒಂದೇ ಪ್ರದೇಶವನ್ನು ಅಳೆಯುತ್ತಾ ಎದುರುಬದುರಾದವು. ಒಂದೇ ಬೆಟ್ಟಕ್ಕೆ ಎರಡು ಖರ್ಚು. ಸಂಸತ್ತಿನಲ್ಲಿ ಗಲಾಟೆಯಾಯಿತು. 1878ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸಲಹೆ ಕೇಳಿದರು. 1879ರ ಮಾರ್ಚ್ 3ರಂದು ಅವುಗಳ ಬದಲು ಒಂದೇ ಭೂವೈಜ್ಞಾನಿಕ ಸರ್ವೇ ಹುಟ್ಟಿತು. ಜಮೀನು ಅಳತೆಯನ್ನೂ ಒಂದೇ ಕಡೆ ತರಬೇಕು ಎಂಬ ಅಕಾಡೆಮಿಯ ಮಾತನ್ನು ಮಾತ್ರ ಸಂಸತ್ತು ಒಪ್ಪಲಿಲ್ಲ.

ನನಗೆ ಆ ಕಾಯ್ದೆಯಲ್ಲಿ ಬಹಳ ಇಷ್ಟವಾದದ್ದು ಒಂದು ಸಣ್ಣ ಷರತ್ತು. ಸರ್ವೇಯ ನಿರ್ದೇಶಕರಾಗಲಿ ಸಿಬ್ಬಂದಿಯಾಗಲಿ ತಾವು ಅಳೆಯುವ ನೆಲದಲ್ಲಿ, ಅಲ್ಲಿನ ಖನಿಜದಲ್ಲಿ ಸ್ವಂತ ಹಿತಾಸಕ್ತಿ ಇಟ್ಟುಕೊಳ್ಳುವಂತಿಲ್ಲ. ಖಾಸಗಿಯವರಿಗಾಗಿ ಸರ್ವೇ ಮಾಡುವಂತಿಲ್ಲ. ನೆಲದ ಬಗ್ಗೆ ನಿಜ ಹೇಳುವವರಿಗೆ ಆ ನೆಲದಿಂದ ಲಾಭ ಇರಬಾರದು ಎಂದು 1879ರಲ್ಲೇ ಬರೆದಿಟ್ಟರು.

ಅದೇ ದೇಶ ನೂರು ವರ್ಷದ ನಂತರ ಇದನ್ನು ಮರೆಯಿತು. ಸಮುದ್ರದ ಎಣ್ಣೆ ಬಾವಿಗಳಿಗೆ ಗುತ್ತಿಗೆ ಕೊಡುವುದು, ರಾಜಧನ ವಸೂಲು ಮಾಡುವುದು, ಸುರಕ್ಷತೆ ತಪಾಸಣೆ ಮಾಡುವುದು, ಮೂರನ್ನೂ 1982ರಲ್ಲಿ ಒಂದೇ ಸಂಸ್ಥೆಗೆ ಸೇರಿಸಿದರು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸ್ಫೋಟದಲ್ಲಿ 11 ಜನ ಸತ್ತರು. ಆಮೇಲೆ ಆ ಸಂಸ್ಥೆಯನ್ನು ಒಡೆದು ಮೂರು ಮಾಡಿದರು. ಹಣ ತರುವ ಮೇಜು, ತಪ್ಪು ಹುಡುಕುವ ಮೇಜು ಒಂದೇ ಕೋಣೆಯಲ್ಲಿದ್ದರೆ ಎರಡನೆಯದರ ದನಿ ಸಣ್ಣದಾಗುತ್ತದೆ.

ಬೇರೆ ದಾರಿಯೂ ಇದೆ. ಅಮೆರಿಕದ್ದೇ ಇಲಿನಾಯ್ ರಾಜ್ಯದಲ್ಲಿ 1858ರಲ್ಲಿ ಜೀವಿಗಳ ಸರ್ವೇ, 1895ರಲ್ಲಿ ನೀರಿನ ಸರ್ವೇ, 1905ರಲ್ಲಿ ಭೂವೈಜ್ಞಾನಿಕ ಸರ್ವೇ ಶುರುವಾಗಿದ್ದವು. 2008ರಲ್ಲಿ ಕಾನೂನು ಮಾಡಿ ಇವನ್ನೆಲ್ಲ ರಾಜ್ಯದ ವಿಶ್ವವಿದ್ಯಾಲಯದ ಒಂದೇ ಸೂರಿನಡಿ ತಂದರು. ಹೆಸರುಗಳನ್ನು ಹಾಗೇ ಉಳಿಸಿಕೊಂಡರು. ಅಳೆಯುವವರೆಲ್ಲ ಒಂದು ಕಡೆ, ಪರವಾನಗಿ ಕೊಡುವವರು ಇನ್ನೊಂದು ಕಡೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಕೊಳವೆಬಾವಿ ಕೊರೆಯುವ ಸಂಸ್ಥೆಯೊಂದು ಕೃಷಿ ಸಚಿವಾಲಯದಲ್ಲಿತ್ತು. 1970ರಲ್ಲಿ ಅದಕ್ಕೆ ಕೇಂದ್ರ ಅಂತರ್ಜಲ ಮಂಡಳಿ ಎಂಬ ಹೆಸರು ಬಂತು. 1972ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗವೂ ಅದಕ್ಕೆ ಸೇರಿತು. 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಮಿಹಿರ್ ಶಾ ಸಮಿತಿ, ನದಿ ನೋಡುವ ಕೇಂದ್ರ ಜಲ ಆಯೋಗವನ್ನೂ ಈ ಮಂಡಳಿಯನ್ನೂ ಒಂದು ಮಾಡಿ ಎಂದು ಶಿಫಾರಸು ಮಾಡಿತು. ಬೇಸಿಗೆಯಲ್ಲಿ ನದಿಗೆ ನೀರು ಬರುವುದೇ ಅಂತರ್ಜಲದಿಂದ ಅಂದಮೇಲೆ ಎರಡು ಲೆಕ್ಕ ಯಾಕೆ? ಕಾವೇರಿಯ ತವರಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒರತೆ ಬತ್ತಿದರೆ ತೊರೆ ಬತ್ತುತ್ತದೆ.

ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು 1894ರ ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದೆ. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ಹೆಸರಿನಲ್ಲಿ ಗಣಿಯೂ ಇದೆ, ಭೂವಿಜ್ಞಾನವೂ ಇದೆ. ಗಣಿಯಿಂದ ಖಜಾನೆಗೆ ರಾಜಧನ ಬರುತ್ತದೆ, ಬಿರುಕು ಬಿಟ್ಟ ಬರೆಯಿಂದ ಒಂದು ಪೈಸೆಯೂ ಬರಲ್ಲ. ಹಾಗಾಗಿ ಸುಮ್ನೆ ಎಲ್ಲ ಇಲಾಖೆಗಳನ್ನೂ ಒಂದು ಬೋರ್ಡಿನಡಿ ಸೇರಿಸಿ ಎಂದು ನಾನು ಕೇಳಲಾರೆ. ಅಳೆಯುವವರನ್ನು ಸೇರಿಸಿ, ಪರವಾನಗಿಯಿಂದ ದೂರ ಇಡಿ ಎಂದು ಕೇಳುತ್ತೇನೆ. ಮಳೆ, ಅಂತರ್ಜಲ, ಮಣ್ಣು, ಕಂಪನ, ಇಳಿಜಾರು, ಇಷ್ಟರ ಲೆಕ್ಕ ಒಂದೇ ಪುಸ್ತಕದಲ್ಲಿ ಇರಲಿ. ಆ ಪುಸ್ತಕ ಎಲ್ಲರಿಗೂ ತೆರೆದಿರಲಿ.

ಇದು ವಿಧಾನಸಭೆಯಲ್ಲಿ ಗಟ್ಟಿಯಾಗಿ ಕೇಳಿಸಬೇಕಾದ ಮಾತು. ಅಲ್ಲಿರುವ 224 ಕ್ಷೇತ್ರಗಳಲ್ಲಿ ಕೊಡಗಿಗೆ ಮಡಿಕೇರಿ, ವಿರಾಜಪೇಟೆ ಎರಡೇ. 1952ರಿಂದ 1956ರವರೆಗೆ ನಮಗೆ 24 ಸದಸ್ಯರ ನಮ್ಮದೇ ಸಭೆಯಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿಹೋದೆವು. ದೊಡ್ಡದರಲ್ಲಿ ಸೇರಿದಾಗ ಸಣ್ಣದರ ಕೂಗು ಎಲ್ಲಿ ಹೋಗುತ್ತದೆ ಎಂಬುದು ಇಲ್ಲಿಯ ಹಿರಿಯರಿಗೆ ಅನುಭವದಿಂದ ಗೊತ್ತು. ಇಲಾಖೆಗಳನ್ನು ಸೇರಿಸುವಾಗಲೂ ಆ ಭಯ ನನಗಿದೆ. ಬೆಂಗಳೂರಿನಲ್ಲಿ ಒಂದು ದೊಡ್ಡ ಕಚೇರಿ ಎದ್ದು, ಮಡಿಕೇರಿಯಲ್ಲಿ ಒಬ್ಬ ಭೂವಿಜ್ಞಾನಿಯೂ ಇಲ್ಲದಿದ್ದರೆ ಏನು ಪ್ರಯೋಜನ?

ಈ ಭಯಕ್ಕೆ ಕಾರಣ ನಕ್ಷೆಯ ಅಳತೆಯಲ್ಲೂ ಇದೆ. ಭೂಕುಸಿತದ ಅಪಾಯ ತೋರಿಸುವ ರಾಷ್ಟ್ರೀಯ ನಕ್ಷೆ 50,000ಕ್ಕೆ 1ರ ಅಳತೆಯದು. ಅದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಚೌಕಾಕಾರದ ಒಂದು ಎಕರೆ ತೋಟ ಆ ನಕ್ಷೆಯಲ್ಲಿ 1.3 ಮಿಲಿಮೀಟರ್. ರಾಗಿ ಕಾಳಿನಷ್ಟು. ಯಾವ ಗುಡ್ಡಸಾಲಿನಲ್ಲಿ ಅಪಾಯ ಜಾಸ್ತಿ ಅಂತ ಅದು ಚೆನ್ನಾಗಿ ಹೇಳುತ್ತದೆ. ಮನೆ ಹಿಂದಿನ 20 ಅಡಿ ಬರೆ ಅದಕ್ಕೆ ಕಾಣಿಸಲ್ಲ. ಅದನ್ನು ನಡೆದು ನೋಡಬೇಕು.

ಪಕ್ಕದ ವಯನಾಡನ್ನು ನೆನೆದರೆ ಹೊಟ್ಟೆ ಕಲಕುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮುನ್ನೆಚ್ಚರಿಕೆ ಬಂದಿತ್ತೋ ಇಲ್ಲವೋ ಎಂದು ಮರುದಿನವೇ ಕೇಂದ್ರಕ್ಕೂ ಕೇರಳಕ್ಕೂ ಸಂಸತ್ತಿನ ಒಳಗೆ, ಹೊರಗೆ ವಾದ ನಡೆಯಿತು. ಮಳೆಯ ಎಚ್ಚರಿಕೆ ಒಂದು ಸಂಸ್ಥೆಯದು, ಭೂಕುಸಿತದ್ದು ಇನ್ನೊಂದರದ್ದು. ಇದರ ನಡುವೆ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಣ್ಣ ಸಂಸ್ಥೆ, ಊರೂರಿನ ಮಳೆಮಾಪಕಗಳ ಲೆಕ್ಕ ನೋಡಿ ಹಿಂದಿನ ದಿನವೇ ಜಿಲ್ಲಾಡಳಿತವನ್ನು ಎಚ್ಚರಿಸಿತ್ತು ಎಂದು ವರದಿಯಾಯಿತು. ನಮ್ಮ ತೋಟಗಳ ಅಂಗಳದಲ್ಲಿ ಇರುವಂಥ ಮಾಪಕಗಳ ಲೆಕ್ಕ.

ಕೊಡಗಿನ ಕಪಾಟುಗಳಲ್ಲಿ ಅಂಥ ಡೈರಿಗಳು ಎಷ್ಟಿವೆಯೋ. ಅಜ್ಜನ ಕೈಬರಹ, ಅಪ್ಪನ ಕೈಬರಹ, ಇಂಚು, ಸೆಂಟು. 1 ಇಂಚಿಗೆ 25.4 ಮಿಲಿಮೀಟರ್ ಎಂದು ಗುಣಿಸಿದರೆ ಯಾವ ಸರ್ಕಾರಿ ಲೆಕ್ಕದ ಪಕ್ಕದಲ್ಲೂ ಇಡಬಹುದು.

ಆ ಅಣ್ಣ ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದಿದ್ದಾರೆ. ವಾರಕ್ಕೊಮ್ಮೆ ಟೇಪ್ ಹಿಡಿದು ನಡುವಿನ ಅಂತರ ಅಳೆಯುತ್ತಾರೆ. ಅಂತರ ಹೆಚ್ಚಿದರೆ ರಾತ್ರಿ ಅಲ್ಲಿ ಮಲಗುವುದು ಬೇಡ, ನಮ್ಮಲ್ಲಿಗೆ ಬನ್ನಿ ಎಂದು ಹೇಳಿದ್ದೇನೆ. ಅಳತೆಯನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿಲ್ಲ. ಮಳೆ ಡೈರಿಯಲ್ಲೇ, ಆ ದಿನದ ಮಳೆಯ ಪಕ್ಕ ಒಂದು ಗೆರೆ ಎಳೆದು ಅಲ್ಲಿ ಬರೆಯುತ್ತಿದ್ದಾರೆ.